ಸೌದೆ ಒಡೆಯುವ ಯಂತ್ರ ಕೊರಡಿಗೆ ಮುಟ್ಟಿ ನಿಂತರೆ: ಸಿಲಿಂಡರ್ ಬದಲಾಯಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಮ್ಮಲ್ಲಿ ಹದಿನೈದು ವರ್ಷ ದಾಟಿದ, ಹೊರದೇಶದಿಂದ ಬಂದ ಹೈಡ್ರಾಲಿಕ್ ಸೌದೆ ಒಡೆಯುವ ಯಂತ್ರ ಇದೆ. 6.5 ಎಚ್‌ಪಿ ಪೆಟ್ರೋಲ್ ಎಂಜಿನ್, ಎರಡು ಹಂತದ ಪಂಪ್, 4 ಇಂಚಿನ ಸಿಲಿಂಡರ್, 24 ಇಂಚು ಸ್ಟ್ರೋಕ್. ಬರಿದೇ ಓಡಿಸಿದರೆ ಬೆಣೆ ಬೇಗ ಮುಂದೆ ಹೋಗುತ್ತದೆ. ಹಲಸಿನ ಗಂಟು ಅಥವಾ ದಪ್ಪ ರಬ್ಬರ್ ಕೊರಡು ಇಟ್ಟರೆ ಮುಟ್ಟಿದಲ್ಲೇ ನಿಲ್ಲುತ್ತದೆ, ಎಂಜಿನ್ ಮಾತ್ರ ಏನೂ ಆಗದ ಹಾಗೆ ಓಡುತ್ತಲೇ ಇರುತ್ತದೆ. ಹಿಂದಕ್ಕೆ ಬರುವುದು ತುಂಬಾ ನಿಧಾನ. ಬೆಣೆಯನ್ನು ದೂಡುವ ರಾಡಿನ ಬುಡದಲ್ಲಿ ಎಣ್ಣೆ ಜಿನುಗುತ್ತದೆ, ಟ್ಯಾಂಕಿನ ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿದೆ. ಸಿಲಿಂಡರ್ ಪೂರ್ತಿ ಬದಲಾಯಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಮನೆಯಲ್ಲೇ ಸರಿಮಾಡಬಹುದೇ? ಟ್ರ್ಯಾಕ್ಟರಿಗೆ ತಂದಿಟ್ಟ ಎಣ್ಣೆ ಇದಕ್ಕೆ ಹಾಕಬಹುದೇ? (ಓದುಗರು, ಪೆರ್ಲ, ಕಾಸರಗೋಡು)

ಉತ್ತರ: ಸರಿಮಾಡಬಹುದು. ಸಿಲಿಂಡರ್ ಬದಲಾಯಿಸುವ ಮಾತು ಈಗಲೇ ಬೇಡ. ನೀವು ಬರೆದ ಲಕ್ಷಣಗಳಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ರಾಡಿನ ಬುಡದ ಸೋರಿಕೆ. ಆದರೆ ಯಂತ್ರಕ್ಕೆ ಬಲ ಇಲ್ಲದ್ದಕ್ಕೆ ಅದು ಕಾರಣವೇ ಅಲ್ಲ. ಬೆಣೆ ಮುಂದೆ ಹೋಗುವಾಗ ಒತ್ತಡ ಇರುವುದು ಪಿಸ್ಟನಿನ ಹಿಂಬದಿಯಲ್ಲಿ. ರಾಡ್ ಇರುವ ಬದಿ ಆಗ ಟ್ಯಾಂಕಿಗೆ ತೆರೆದುಕೊಂಡಿರುತ್ತದೆ, ಅಲ್ಲಿ ಒತ್ತಡ ಹೆಚ್ಚುಕಡಿಮೆ ಸೊನ್ನೆ. ರಾಡ್ ಸೀಲ್ ಪೂರ್ತಿ ಹರಿದುಹೋಗಿದ್ದರೂ ಎಣ್ಣೆ ಅಂಗಳಕ್ಕೆ ಸುರಿದೀತೇ ಹೊರತು ಕೊರಡು ಒಡೆಯುವ ಬಲ ಕಡಿಮೆಯಾಗುವುದಿಲ್ಲ. ಸೋರಿಕೆ ನೋಡಿ ಸಿಲಿಂಡರನ್ನೇ ಬದಲಾಯಿಸಿ, ಆಮೇಲೂ ಬೆಣೆ ಮುಟ್ಟಿದಲ್ಲೇ ನಿಲ್ಲುವ ಯಂತ್ರಗಳಿಗೆ ಕೊರತೆಯಿಲ್ಲ.

ಹಾಗಾದರೆ ಬಲ ಎಲ್ಲಿ ಹೋಯಿತು? ಅದಕ್ಕೆ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ: ಎಂಜಿನ್ ಏನೂ ಆಗದ ಹಾಗೆ ಓಡುತ್ತದೆ. ಇಂಥ ಯಂತ್ರದ ಪಂಪಿನೊಳಗೆ ಎರಡು ಜೋಡಿ ಗೇರ್ ಇರುತ್ತವೆ. ಭಾರ ಇಲ್ಲದಾಗ ಎರಡೂ ಸೇರಿ ಎಣ್ಣೆ ದೂಡುತ್ತವೆ. ನಿಮ್ಮ ಯಂತ್ರದ ಅಳತೆಯವಕ್ಕೆ ಸಾಮಾನ್ಯವಾಗಿ ಬರುವ 11 ಗ್ಯಾಲನ್ ಪಂಪಿನಲ್ಲಿ, 3600 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 41 ಲೀಟರ್. ಕೊರಡು ಅಡ್ಡ ಬಂದು ಒತ್ತಡ 35–45 ಬಾರ್ ದಾಟಿದ ಕೂಡಲೇ ಅನ್‌ಲೋಡರ್ ಎಂಬ ಚಿಕ್ಕ ವಾಲ್ವ್ ದೊಡ್ಡ ಗೇರ್ ಜೋಡಿಯ ಎಣ್ಣೆಯನ್ನು ಪಂಪಿನ ಬಾಯಿಗೇ ತಿರುಗಿಸುತ್ತದೆ. ಚಿಕ್ಕ ಜೋಡಿ ಮಾತ್ರ ನಿಮಿಷಕ್ಕೆ 11 ಲೀಟರಿನ ಹಾಗೆ 170 ಬಾರ್ ತನಕ ದೂಡುತ್ತದೆ. 170 ಬಾರ್ ಎಂದರೆ 4 ಇಂಚಿನ ಪಿಸ್ಟನಿನ ಮೇಲೆ ಸುಮಾರು 14 ಟನ್. ಅಷ್ಟು ಒತ್ತಡ ಹುಟ್ಟಿಸಲು ಎಂಜಿನ್ ನಾಲ್ಕೂಕಾಲು ಎಚ್‌ಪಿ ಕೊಡಲೇಬೇಕು, ದನಿ ಇಳಿಯಲೇಬೇಕು. ಇಳಿಯುತ್ತಿಲ್ಲ ಎಂದರೆ ಒತ್ತಡ ಹುಟ್ಟುವ ಮೊದಲೇ ಎಣ್ಣೆ ಎಲ್ಲೋ ಒಳದಾರಿ ಹಿಡಿದು ಟ್ಯಾಂಕಿಗೆ ಮರಳುತ್ತಿದೆ. ಆ ಒಳದಾರಿ ಮೂರೇ ಕಡೆ ಇರಬಹುದು: ಪಿಸ್ಟನ್ ಸೀಲ್, ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ವಾಲ್ವ್), ಪಂಪಿನ ಚಿಕ್ಕ ಗೇರ್ ಜೋಡಿ.

ಇದೇ ಯಂತ್ರ ಬೇರೆ ರೀತಿ ಹಟ ಮಾಡಿದರೆ ಅರ್ಥವೂ ಬೇರೆ. ಕೊರಡು ಮುಟ್ಟಿದ ಕೂಡಲೇ ಎಂಜಿನ್ ಉಸಿರುಗಟ್ಟಿ ನಿಂತರೆ ಅನ್‌ಲೋಡರ್ ತೆರೆಯುತ್ತಿಲ್ಲ ಎಂದು ತಿಳಿಯಿರಿ. 41 ಲೀಟರನ್ನು 170 ಬಾರಿಗೆ ದೂಡಲು 16 ಎಚ್‌ಪಿ ಬೇಕು, ಆರೂವರೆ ಎಚ್‌ಪಿ ಎಂಜಿನಿಗೆ ಅದು ಆಗುವ ಕೆಲಸವಲ್ಲ. ಬಲ ಇದ್ದು ಬರಿದೇ ಓಡುವಾಗಲೂ ನಿಧಾನವಾದರೆ ಅನ್‌ಲೋಡರ್ ತೆರೆದೇ ಕಚ್ಚಿಕೊಂಡಿದೆ. ನಿಮ್ಮದು ಎರಡೂ ಅಲ್ಲ.

ಪಾನಾ ಹಿಡಿಯುವ ಮೊದಲು ಒಂದು ಎಚ್ಚರಿಕೆ, ಇದನ್ನು ಓದದೆ ಮುಂದೆ ಹೋಗಬೇಡಿ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾಗಿ 170 ಬಾರಿನ ಎಣ್ಣೆ ಚಿಮ್ಮಿದರೆ ಅದು ಚರ್ಮ ತೂರಿ ಒಳಗೆ ಹೋಗುತ್ತದೆ. ನೋಡಲು ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಲು ನೋವೂ ಹೆಚ್ಚಿರುವುದಿಲ್ಲ, ಒಳಗೆ ಮಾಂಸ ಸಾಯುತ್ತಾ ಹೋಗುತ್ತದೆ. ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು, ರಟ್ಟಿನ ತುಂಡು ಹಿಡಿದು ಹುಡುಕಬೇಕು. ಯಾರಿಗಾದರೂ ಹಾಗೆ ಚುಚ್ಚಿದರೆ ಅರಸಿನ ಹಚ್ಚಿ ಕೂರದೆ, ಅದೇ ಗಳಿಗೆಗೆ ಮಂಗಳೂರಿನಂಥ ಕಡೆ ಶಸ್ತ್ರಚಿಕಿತ್ಸೆಯ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಒಯ್ದು, ಹೆಚ್ಚಿನ ಒತ್ತಡದ ಎಣ್ಣೆ ಒಳಹೊಕ್ಕಿದೆ ಎಂದೇ ಹೇಳಿ. ಯಾವ ಹೋಸ್ ಬಿಚ್ಚುವ ಮೊದಲೂ ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ವಯರ್ ತೆಗೆದು, ಲಿವರನ್ನು ಎರಡೂ ಕಡೆಗೆ ಮೂರು ನಾಲ್ಕು ಸಲ ಆಡಿಸಿ ಉಳಿದ ಒತ್ತಡ ಬಿಡಿಸಿಕೊಳ್ಳಿ.

ಮೊದಲು ಎಣ್ಣೆಯ ವಿಚಾರ. ಬೆಳ್ಳಗಾಗುವುದು ಎರಡು ಕಾರಣಕ್ಕೆ: ನೀರು ಸೇರಿ, ಇಲ್ಲವೇ ಗಾಳಿ ಸೇರಿ. ಯಂತ್ರ ಓಡಿಸಿ ನಿಲ್ಲಿಸಿದ ಕೂಡಲೇ ಗಾಜಿನ ಬಾಟಲಿಗೆ ಸ್ವಲ್ಪ ಎಣ್ಣೆ ತೆಗೆದಿಡಿ. ಗಾಳಿಯಾದರೆ ಅರ್ಧ ಗಂಟೆ ಒಂದು ಗಂಟೆಯಲ್ಲಿ ಕೆಳಗಿನಿಂದ ತಿಳಿಯಾಗುತ್ತಾ ಬರುತ್ತದೆ. ಮರುದಿನ ಬೆಳಿಗ್ಗೆಯೂ ಬಿಳಿಯಾಗಿಯೇ ಇದ್ದರೆ, ಅಥವಾ ಅಡಿಯಲ್ಲಿ ನೀರು ಬೇರೆಯಾಗಿ ನಿಂತಿದ್ದರೆ ಅದು ನೀರೇ, ಸಂಶಯ ಬೇಡ. ಕಾದ ಹಳೆಯ ಕಾವಲಿಯ ಮೇಲೆ ಒಂದೇ ಒಂದು ಹನಿ ಬಿಟ್ಟು ನೋಡುವುದೂ ಉಂಟು, ಚಟಪಟ ಎಂದರೆ ನೀರಿದೆ. ಮುಖ ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ನಮ್ಮ ಕಡೆ ನೀರಾಗಿರುವ ಸಾಧ್ಯತೆಯೇ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್ ತನಕ ಹಿಡಿದು ಸುರಿಯುವ ಮಳೆ, ಅಡಿಕೆ ತೋಟದ ತಂಪು. ಟ್ಯಾಂಕಿನ ಉಸಿರು ಮುಚ್ಚಳದಿಂದ ಒದ್ದೆ ಗಾಳಿ ಒಳಗೆ ಹೋಗಿ, ತಗಡಿನ ಗೋಡೆಗೆ ಬೆವರಿನಂತೆ ಕೂತು ಹನಿಹನಿಯಾಗಿ ಎಣ್ಣೆಗೆ ಇಳಿಯುತ್ತದೆ. ಇನ್ನೊಂದು ದಾರಿ ರಾಡ್. ಸಿಲಿಂಡರಿನ ಬಾಯಲ್ಲಿ ಕೂತು ರಾಡನ್ನು ಒರೆಸುವ ವೈಪರ್ ಎಂಬ ಸೀಲ್ ಸವೆದಿದ್ದರೆ, ನೆನೆದ ರಾಡ್ ಪ್ರತಿ ಸಲ ಒಳಗೆ ಹೋಗುವಾಗ ನೀರಿನ ಪದರವನ್ನೂ ಮರದ ಹುಡಿಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಮಳೆಗೆ ಹೆದರಿ ಟ್ಯಾಂಕಿನ ಮುಚ್ಚಳಕ್ಕೆ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟುವವರಿದ್ದಾರೆ. ಬಿಚ್ಚಲು ಮರೆತು ಯಂತ್ರ ಓಡಿಸಿದರೆ ಬೆಣೆ ಮುಂದೆ ಹೋದಂತೆ ಟ್ಯಾಂಕಿನ ಮಟ್ಟ ಇಳಿಯುತ್ತದೆ, ಗಾಳಿ ಬರಲು ದಾರಿಯಿಲ್ಲದೆ ನಿರ್ವಾತ ಹುಟ್ಟಿ ಪಂಪು ಕಿರುಚುತ್ತದೆ. ಚೀಲದ ಬದಲು ಮೇಲಿಂದ ಬೋರಲು ಹಾಕಿದ ಡಬ್ಬ ಸಾಕು.

ಗಾಳಿಯಾಗಿದ್ದರೆ ಟ್ಯಾಂಕಿನಿಂದ ಪಂಪಿಗೆ ಬರುವ ದಪ್ಪ ಹೋಸ್ ನೋಡಿ. ಆ ದಾರಿಯಲ್ಲಿ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೋರುತ್ತದೆ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಕ್ಲಿಪ್ಪಿನ ಸುತ್ತ ಸ್ವಲ್ಪ ಎಣ್ಣೆ ಸವರಿದಾಗ ಪಂಪಿನ ದನಿ ಬದಲಾದರೆ ಜಾಗ ಸಿಕ್ಕಿತು. ಹಳೆಯ ಹೋಸಿನ ಒಳಪದರ ಕಿತ್ತು, ಎಳೆತಕ್ಕೆ ಮಡಚಿ ದಾರಿ ಮುಚ್ಚುವುದೂ ಇದೆ. ಹೊರಗಿನಿಂದ ಹೋಸ್ ಹೊಸದರ ಹಾಗೇ ಕಾಣುತ್ತದೆ. ಹದಿನೈದು ವರ್ಷದ್ದಾದರೆ ನೋಡುವುದೇ ಬೇಡ, ಬದಲಾಯಿಸಿ. ಒಳಗೆ ಸುರುಳಿ ತಂತಿ ಇರುವ, ಎಣ್ಣೆಗೇ ಮಾಡಿದ ಸಕ್ಷನ್ ಹೋಸ್ ಕೇಳಿ. ತೋಟದ ಪಂಪ್‌ಸೆಟ್ಟಿನ ನೀರಿನ ಹೋಸ್ ಕೆಲವೇ ದಿನಗಳಲ್ಲಿ ಎಣ್ಣೆಗೆ ಮೆತ್ತಗಾಗುತ್ತದೆ.

ಹಿಂದಕ್ಕೆ ಬರುವುದು ನಿಧಾನ ಎಂದಿರಲ್ಲ, ಅದು ಲೆಕ್ಕಕ್ಕೆ ತಕ್ಕುದಲ್ಲ. ರಾಡಿನ ಬದಿಯಲ್ಲಿ ಜಾಗ ಕಡಿಮೆ ಇರುವುದರಿಂದ ಬೆಣೆ ಹೋಗುವುದಕ್ಕಿಂತ ಬರುವುದೇ ಬೇಗ ಆಗಬೇಕು. 4 ಇಂಚಿನ ಬ್ಯಾರಲ್ (ಸಿಲಿಂಡರಿನ ಕೊಳವೆ), 24 ಇಂಚು ಸ್ಟ್ರೋಕ್, ರಾಡ್ 1¾ ಇಂಚು ಎಂದಿಟ್ಟುಕೊಂಡರೆ ಮುಂದೆ ಹೋಗಲು ಸುಮಾರು 4.9 ಲೀಟರ್, ಹಿಂದೆ ಬರಲು 4 ಲೀಟರ್ ಬೇಕು. ಪಂಪ್ ಸರಿಯಿದ್ದರೆ ಹೋಗಲು ಏಳೆಂಟು ಸೆಕೆಂಡ್, ಬರಲು ಆರೇಳು. ಗಡಿಯಾರ ಹಿಡಿದು ನೋಡಿ. ಹಿಂದೆ ಬರುವಾಗ ಪಿಸ್ಟನಿನ ಆಚೆ ಬದಿಯಿಂದ ಟ್ಯಾಂಕಿಗೆ ಹೊರಡುವ ಎಣ್ಣೆ ಪಂಪ್ ಕೊಡುವುದಕ್ಕಿಂತ ಕಾಲು ಪಾಲು ಹೆಚ್ಚು, ನಿಮಿಷಕ್ಕೆ 51 ಲೀಟರಿನಷ್ಟು. ಅಷ್ಟೂ ರಿಟರ್ನ್ ಫಿಲ್ಟರಿನ ಮೂಲಕ ಹೋಗಬೇಕು. ಫಿಲ್ಟರ್ ಕಟ್ಟಿಕೊಂಡಿದ್ದರೆ ಅಲ್ಲಿ ಹುಟ್ಟುವ ತಡೆಯೇ ಪಂಪನ್ನು ಮೋಸಗೊಳಿಸುತ್ತದೆ: ಒತ್ತಡ ಏರಿತೆಂದು ಅನ್‌ಲೋಡರ್ ತೆರೆದು 41 ಲೀಟರಿನಿಂದ 11ಕ್ಕೆ ಇಳಿಯುತ್ತದೆ. ಬರುವ ಹೊತ್ತು 20 ಸೆಕೆಂಡ್ ದಾಟಿದ್ದರೆ ಹೆಚ್ಚುಕಡಿಮೆ ಇದೇ. ನೀರು ಸೇರಿದ ಎಣ್ಣೆಯಲ್ಲಿ ಕಾಗದದ ಫಿಲ್ಟರ್ ಉಬ್ಬಿ ಮುದ್ದೆಯಾಗುತ್ತದೆ. ಹಾಗಾಗಿ ನಿಮ್ಮ ಎರಡು ದೂರು, ಬಿಳಿ ಎಣ್ಣೆ ಮತ್ತು ನಿಧಾನ, ಒಂದೇ ಬೇರಿನವು.

ಆದ್ದರಿಂದ ಮೊದಲ ಕೆಲಸ ಎಣ್ಣೆ, ಫಿಲ್ಟರ್, ಟ್ಯಾಂಕ್. ಹತ್ತು ನಿಮಿಷ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಬೆಣೆಯನ್ನು ಪೂರ್ತಿ ಹಿಂದಕ್ಕೆ ತಂದು ಖಾಲಿ ಮಾಡಿ. ಟ್ಯಾಂಕಿನ ಎಣ್ಣೆ ಮಾತ್ರ ತೆಗೆದರೆ ಕೆಲಸ ಅರ್ಧ. ಸಿಲಿಂಡರಿನಲ್ಲಿ ಇನ್ನೂ ನಾಲ್ಕು ಲೀಟರ್ ಬಿಳಿ ಎಣ್ಣೆ ಉಳಿದಿರುತ್ತದೆ. ಹೇಗೂ ಸಿಲಿಂಡರ್ ಬಿಚ್ಚುವುದಿದ್ದರೆ ಅದು ಆಗ ಹೋಗುತ್ತದೆ. ಟ್ಯಾಂಕಿನ ಒಳಗಿನ ಜಾಲರಿ ತೆಗೆದು ಡೀಸೆಲಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಟ್ಯಾಂಕ್ ಒರೆಸಲು ಹಳೆಯ ಕಾಟನ್ ಪಂಚೆಯಂಥ ನೂಲು ಬಿಡದ ಬಟ್ಟೆ ಬೇಕು. ವರ್ಕ್‌ಶಾಪಿನಲ್ಲಿ ಕೊಡುವ ಕಾಟನ್ ವೇಸ್ಟ್ ಬೇಡವೇ ಬೇಡ, ಅದರ ಎಳೆಗಳು ಜಾಲರಿಗೂ ರಿಲೀಫ್ ವಾಲ್ವಿನ ಬಾಯಿಗೂ ಹೋಗಿ ಕೂರುತ್ತವೆ. ತಳದಲ್ಲಿ ತುಕ್ಕಿನ ಕೆಸರಿದ್ದರೆ ಬೆರಳಾಡಿಸಿ ಪೂರ್ತಿ ತೆಗೆಯಿರಿ. ಹಿತ್ತಾಳೆ ಬಣ್ಣದ ಮಿಂಚು ಕಂಡರೆ ಪಂಪಿನೊಳಗಿನ ಬುಷ್ ಸವೆಯುತ್ತಿದೆ, ಕಪ್ಪು ರಬ್ಬರಿನ ಚೂರು ಕಂಡರೆ ಪಿಸ್ಟನ್ ಸೀಲ್ ಉದುರುತ್ತಿದೆ. ಫಿಲ್ಟರನ್ನೂ ಎಸೆಯುವ ಮೊದಲು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ನೋಡಿ. ಐದು ನಿಮಿಷದ ಕೆಲಸ, ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ.

ಈಗ ಬಲ ಎಲ್ಲಿ ಸೋರುತ್ತಿದೆ ಎಂಬ ಪತ್ತೆ. ಇದಕ್ಕೆ 0–250 ಬಾರಿನ, ಗ್ಲಿಸರಿನ್ ತುಂಬಿದ ಪ್ರೆಷರ್ ಗೇಜ್ ಒಂದು ಕೊಳ್ಳಿ. ಜಿಪುಣತನಕ್ಕೆ ಇದು ಜಾಗ ಅಲ್ಲ. ಪಂಪಿನಿಂದ ವಾಲ್ವಿಗೆ ಹೋಗುವ ಹೋಸಿನ ಬುಡದಲ್ಲಿ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ ಗೇಜ್ ಕೂರಿಸಿ. ಪರೀಕ್ಷೆಗೆ ಹೊಸ ಎಣ್ಣೆ ಹಾಕಿಕೊಂಡೇ ಓಡಿಸಿ, ಎಂಜಿನ್ ಪೂರ್ತಿ ವೇಗದಲ್ಲಿರಲಿ. ಬೆಣೆ ಕೊನೆ ಮುಟ್ಟಿದ ಮೇಲೂ ಲಿವರ್ ಒತ್ತಿ ಹಿಡಿದು ಮೂರು ನಾಲ್ಕು ಸೆಕೆಂಡ್ ಗೇಜ್ ನೋಡಿ ಬಿಡಿ. ಹೆಚ್ಚು ಹೊತ್ತು ಹಿಡಿದರೆ ಎಣ್ಣೆ ಕುದಿಯುವಷ್ಟು ಬಿಸಿಯಾಗುತ್ತದೆ. ಮುಳ್ಳು 60–70 ಬಾರಿನಲ್ಲೇ ನಿಂತರೆ ದೋಷ ಇರುವುದು ಖಚಿತ, ಎಲ್ಲಿ ಎಂದು ಇನ್ನೂ ಗೊತ್ತಿಲ್ಲ. ಎಂಜಿನ್ ನಿಲ್ಲಿಸಿ, ಸಿಲಿಂಡರಿಗೆ ಹೋಗುವ ಎರಡೂ ಹೋಸ್ ಬಿಚ್ಚಿ, ಹೋಸಿನ ತುದಿಗಳಿಗೆ ಉಕ್ಕಿನ ಪ್ಲಗ್ ಬಿಗಿಯಿರಿ. ಮರದ ಗೂಟ, ಪ್ಲಾಸ್ಟಿಕ್ ಮುಚ್ಚಳ ಇಲ್ಲಿ ಬಂದೂಕಿನ ಗುಂಡಾಗುತ್ತವೆ. ಮತ್ತೆ ಓಡಿಸಿ ಲಿವರ್ ಮುಂದಕ್ಕೆ ಒತ್ತಿ. ಸಿಲಿಂಡರ್ ಈಗ ಆಟದಲ್ಲೇ ಇಲ್ಲ. ಮುಳ್ಳು 170ರ ಹತ್ತಿರ ಹೋಗಿ ಎಂಜಿನ್ ದನಿ ಇಳಿದರೆ ಪಂಪೂ ವಾಲ್ವೂ ಸರಿ, ತಪ್ಪು ಪಿಸ್ಟನ್ ಸೀಲಿನದು. ಈಗಲೂ 60–70ರಲ್ಲೇ ನಿಂತರೆ ಸಿಲಿಂಡರನ್ನು ದೂರುವುದು ಬಿಟ್ಟುಬಿಡಿ.

ಗೇಜ್ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಬೆಣೆಯನ್ನು ಪೂರ್ತಿ ಮುಂದೆ ಒಯ್ದು ಎಂಜಿನ್ ನಿಲ್ಲಿಸಿ. ರಾಡ್ ಬದಿಯ ಹೋಸನ್ನು ಸಿಲಿಂಡರಿನಿಂದ ಬಿಚ್ಚಿ ಅದರ ತುದಿಗೆ ಉಕ್ಕಿನ ಪ್ಲಗ್ ಹಾಕಿ. ಸಿಲಿಂಡರಿನ ತೆರೆದ ಬಾಯಿಗೆ ಚಿಕ್ಕ ಹೋಸ್ ಸಿಕ್ಕಿಸಿ ಬಕೆಟಿಗೆ ಬಿಡಿ. ಎಂಜಿನ್ ನಿಧಾನದಲ್ಲಿಟ್ಟು ಲಿವರನ್ನು ಮುಂದಕ್ಕೆ ಮಾತ್ರ ಒತ್ತಿ. ಮೊದಲಿಗೆ ಒಳಗುಳಿದ ನಾಲ್ಕು ಹನಿ ಬರುವುದು ಸಹಜ. ಎಡೆಬಿಡದೆ ಧಾರೆಯಾಗಿ ಬಂದರೆ ಪಿಸ್ಟನ್ ಸೀಲ್ ಮುಗಿದಿದೆ.

ಸಿಲಿಂಡರ್ ಸರಿ, ಒತ್ತಡ ಮಾತ್ರ ಇಲ್ಲ ಎಂದಾದರೆ ವಾಲ್ವಿನ ಮೈಯಲ್ಲಿರುವ ರಿಲೀಫ್ ವಾಲ್ವಿನ ಕಡೆ ತಿರುಗಿ. ಮುಚ್ಚಳದ ನಟ್ ತೆಗೆದರೆ ಒಳಗೆ ಸ್ಕ್ರೂ. ಅದು ಎಷ್ಟು ಹೊರಗಿದೆಯೆಂದು ವರ್ನಿಯರಿನಲ್ಲಿ ಅಳೆದು ಬರೆದಿಟ್ಟುಕೊಂಡು ಆಮೇಲೆ ಬಿಚ್ಚಿ. ಸ್ಪ್ರಿಂಗ್, ಅದರ ಕೆಳಗೆ ಗುಂಡು ಅಥವಾ ಶಂಕುವಿನಾಕಾರದ ಮೊಳೆ. ಅದು ಕೂರುವ ಅಂಚಿನಲ್ಲಿ ತುಕ್ಕಿನ ಕಣವೋ ಟೆಫ್ಲಾನ್ ಟೇಪಿನ ಚೂರೋ ಸಿಕ್ಕಿಕೊಂಡರೆ ಸಾಕು, ವಾಲ್ವ್ ಎಂದೂ ಮುಚ್ಚುವುದಿಲ್ಲ, ಇಡೀ ಯಂತ್ರ ಬಲಹೀನ. ನೀರು ಕುಡಿದ ಯಂತ್ರದಲ್ಲಿ ಇದು ಪಿಸ್ಟನ್ ಸೀಲಿನಷ್ಟೇ ಸಾಮಾನ್ಯ. ತೊಳೆದು, ಅಂಚು ಉರುಟಾಗಿ ಮಿಂಚುತ್ತಿದೆಯೇ ನೋಡಿ, ಅದೇ ಅಳತೆಗೆ ತಿರುಗಿಸಿ ಕೂರಿಸಿ. ಆಮೇಲೆ ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಿರುಗಿಸಿ ಗೇಜ್ ನೋಡಿ. ಒತ್ತಡ ಏರಿದರೆ ಪಂಪ್ ಜೀವಂತ ಇದೆ. ತಿರುಗಿಸಿದರೂ ಮುಳ್ಳು ಕದಲದಿದ್ದರೆ ಪಂಪ್ ಸವೆದಿದೆ, ಅದನ್ನು ಮನೆಯಲ್ಲಿ ಬಿಚ್ಚಿ ಪ್ರಯೋಜನವಿಲ್ಲ. ಗೇರ್ ಪಂಪಿನ ಒಳಗಿನ ಸಂದುಗಳು ಮಿಲಿಮೀಟರಿನ ನೂರರ ಭಾಗದ ಲೆಕ್ಕದವು; ಹೊಸ ಪಂಪ್ ಹಾಕುವುದೇ ದಾರಿ. ಹಾಕುವಾಗ ಎಂಜಿನಿಗೂ ಪಂಪಿಗೂ ನಡುವಿನ ಕಪ್ಲಿಂಗಿನ ರಬ್ಬರ್ ನಕ್ಷತ್ರವನ್ನೂ ಬದಲಾಯಿಸಿ. ಎರಡು ಕಬ್ಬಿಣದ ಭಾಗಗಳು ಒಂದಕ್ಕೊಂದು ತಾಗದೆ ಎರಡು ಮಿಲಿಮೀಟರಿನಷ್ಟು ಸಂದು ಇರಲಿ. ಪಂಪಿನ ಶಾಫ್ಟಿಗೆ ಕಪ್ಲಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹೊಸ ಪಂಪೂ ಅಂದೇ ಹಾಳು.

ಇನ್ನು ಸಿಲಿಂಡರ್. ರಾಡ್ ಸೀಲ್ ಹೇಗೂ ಸೋರುತ್ತಿರುವುದರಿಂದ ಬಿಚ್ಚಲೇಬೇಕು. ಕೆಳಗೆ ಮರದ ತುಂಡು ಕೊಟ್ಟು, ಎರಡೂ ತುದಿಯ ಪಿನ್ ತೆಗೆದು, ಇಬ್ಬರು ಹಿಡಿದು ಇಳಿಸಿ. ಯಾವ ಹೋಸ್ ಎಲ್ಲಿಗೆ ಎಂದು ಬಣ್ಣ ಹಚ್ಚಿ ಗುರುತು ಮಾಡಿ. ರಾಡಿನ ಬದಿಯ ಮುಚ್ಚಳಕ್ಕೆ ಗ್ಲ್ಯಾಂಡ್ ಎನ್ನುತ್ತಾರೆ, ಅದು ಹಲವು ಬಗೆಯದು. ನಾಲ್ಕು ಉದ್ದ ಬೋಲ್ಟಿನದಾದರೆ ಸುಲಭ. ಥ್ರೆಡ್ಡಿನದಕ್ಕೆ ಎರಡು ಮೊಳೆಯ ಪಾನಾ ಬೇಕು. ಉಳಿ ಸುತ್ತಿಗೆ ಹಿಡಿದರೆ ಗ್ಲ್ಯಾಂಡಿನ ಅಂಚು ಹೋಗುತ್ತದೆ. ಒಳಗೆ ಸರ್ಕ್ಲಿಪ್ (ತೋಡಿನಲ್ಲಿ ಕೂರುವ ಉಕ್ಕಿನ ಬಳೆ) ಇರುವುದಾದರೆ ಗ್ಲ್ಯಾಂಡನ್ನು ಮೊದಲು ಒಂದಿಂಚು ಒಳಕ್ಕೆ ತಳ್ಳಿ, ಆಮೇಲೆ ಕ್ಲಿಪ್ ಎಬ್ಬಿಸಿ. ಮೈಯಲ್ಲಿ ಉದ್ದನೆಯ ಸೀಳು ಕಾಣುತ್ತಿದ್ದರೆ ಒಳಗೆ ತಂತಿಯ ಬಳೆ ಇದೆ ಎಂದರ್ಥ. ಗ್ಲ್ಯಾಂಡ್ ತಿರುಗಿಸುತ್ತಾ ಹೋದರೆ ತಂತಿಯ ತುದಿ ಆ ಸೀಳಿನಲ್ಲಿ ಹೊರಬರುತ್ತದೆ. ಪೂರ್ತಿ ವೆಲ್ಡ್ ಮಾಡಿ ಮುಚ್ಚಿದ್ದಾದರೆ ಲೇತಿನವರೇ ಬೇಕು.

ಪಿಸ್ಟನ್ ಬರಲು ಹಟ ಮಾಡಿದರೆ ಕಂಪ್ರೆಸರ್ ಗಾಳಿ ಬಿಡಬೇಡಿ. ಗಾಳಿ ಹಿಗ್ಗಿ ರಾಡ್ ಫಿರಂಗಿಯ ಗುಂಡಿನಂತೆ ಹಾರಿದ್ದುಂಟು. ಕೈಯಿಂದ ಎಳೆದು, ತಿರುಗಿಸಿ ತೆಗೆಯಿರಿ. ಹೊರಗೆ ಬಂದ ಮೇಲೆ ಬೆಳಕಿಗೆ ಹಿಡಿದು ರಾಡ್ ನೋಡಿ. ಕ್ರೋಮಿನ ಹೊಳಪಿನ ನಡುವೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಸಾಲಾಗಿ ಕಂಡರೆ ಅದೇ ಸೀಲಿನ ಶತ್ರು. ಬೆಣೆಯನ್ನು ಮುಂದಿಟ್ಟು ರಾಡ್ ಹೊರಗೇ ಬಿಟ್ಟು ಮಳೆಗಾಲ ಕಳೆದ ಯಂತ್ರಗಳಲ್ಲಿ ಇದು ತಪ್ಪುವುದಿಲ್ಲ. ಉಗುರು ಆಡಿಸಿ: ತಡೆಯದಿದ್ದರೆ 600 ನಂಬರಿನ ಎಮೆರಿ ಕಾಗದಕ್ಕೆ ಎಣ್ಣೆ ಹಚ್ಚಿ ಸುತ್ತಲೂ ಉಜ್ಜಿದರೆ ಸಾಕು, ಉದ್ದಕ್ಕೆ ಉಜ್ಜಬಾರದು. ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ. ರಾಡಿಗೆ ಹಾರ್ಡ್ ಕ್ರೋಮ್ ಮಾಡಿಸಬೇಕು, ಇಲ್ಲವೇ ಅದೇ ಅಳತೆಯ ಕ್ರೋಮ್ ಸರಳು ತಂದು ಲೇತಿನಲ್ಲಿ ಮಾಡಿಸಬೇಕು. ಬೆಣೆಯ ಪಕ್ಕದ ಕೊನೆಯ ಎರಡು ಬೆರಳಗಲ ಮಾತ್ರ ಎಂದೂ ಸೀಲಿನೊಳಗೆ ಹೋಗುವುದಿಲ್ಲ, ಅಲ್ಲಿನ ತುಕ್ಕಿಗೆ ತಲೆಕೆಡಿಸಿಕೊಳ್ಳಬೇಡಿ. ಬ್ಯಾರಲಿನೊಳಗೆ ಟಾರ್ಚ್ ಬಿಟ್ಟು ನೋಡುವಾಗಲೂ ಉಗುರಿನ ಲೆಕ್ಕವೇ. ಉದ್ದನೆಯ ಆಳ ಗೀರು ಇದ್ದರೆ ಒಳಗೆ ಹೋನಿಂಗ್ (ಒಳಮೈ ಉಜ್ಜಿ ನಯಗೊಳಿಸುವುದು) ಮಾಡಿಸಿ. ಅದಕ್ಕೂ ಮೀರಿದ್ದಾದರೆ ಹೋನ್ ಮಾಡಿದ ಕೊಳವೆಯೇ ಸಿಗುತ್ತದೆ, ಅದನ್ನು ಕತ್ತರಿಸಿ ಹಾಕಿಸಬಹುದು. ಮೆಕ್ಯಾನಿಕ್ ಹೇಳಿದ್ದು ನಿಜವಾಗುವುದು ರಾಡೂ ಬ್ಯಾರಲೂ ಎರಡೂ ಕೆಟ್ಟಿದ್ದಾಗ ಮಾತ್ರ.

ಪಿಸ್ಟನಿನ ನಟ್ ಬಿಗಿಯಾಗಿ, ಕೆಲವೊಮ್ಮೆ ಲಾಕ್‌ಟೈಟ್ ಅಂಟು ಹಾಕಿ ಕೂರಿಸಿರುತ್ತಾರೆ. ಹಳೆಯ ಸೀಲುಗಳನ್ನು ಮೊದಲು ಕತ್ತರಿಸಿ ತೆಗೆದು ಆಮೇಲೆ ನಟ್ ಬಿಸಿಮಾಡಿ, ರಬ್ಬರ್ ಸುಟ್ಟ ಹೊಗೆ ಒಳ್ಳೆಯದಲ್ಲ. ರಾಡನ್ನು ವೈಸಿನಲ್ಲಿ ಹಿಡಿಯುವಾಗ ಬೆಣೆ ಬದಿಯ ಕಣ್ಣನ್ನು ಹಿಡಿಯಿರಿ, ಕ್ರೋಮನ್ನು ಹಿಡಿಯಬೇಡಿ. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಆಗಿದ್ದರೆ ಹಳೆಯದು ಮತ್ತೆ ಬೇಡ. ಈ ನಟ್ ಸಡಿಲವಾಗಿ ಬಿಚ್ಚಿಕೊಂಡರೆ ಪಿಸ್ಟನ್ ಒಳಗೇ ಉಳಿದು ರಾಡ್ ಮಾತ್ರ ಹೊರಬರುತ್ತದೆ. ಉದ್ದ ಹಿಡಿಯ ಪಾನಾ ಇಲ್ಲದಿದ್ದರೆ ಜೆಸಿಬಿ ರಿಪೇರಿಯವರ ಹತ್ತಿರ ಒಯ್ದು ಬಿಗಿಸಿಕೊಳ್ಳಿ.

ಸೀಲ್ ಕೊಳ್ಳುವಾಗ ಹಳೆಯ ಸೀಲ್ ಅಳೆಯಬಾರದು, ಅದು ಉಬ್ಬಿರುತ್ತದೆ ಇಲ್ಲವೇ ಸವೆದಿರುತ್ತದೆ. ರಾಡಿನ ದಪ್ಪ, ಗ್ಲ್ಯಾಂಡಿನ ಒಳಗಿನ ಗಾಡಿಯ (ಸೀಲ್ ಕೂರುವ ತೋಡಿನ) ವ್ಯಾಸ, ಗಾಡಿಯ ಅಗಲ, ಇವಿಷ್ಟನ್ನೂ ವರ್ನಿಯರಿನಲ್ಲಿ ಅಳೆದು ಬರೆದು, ಗ್ಲ್ಯಾಂಡನ್ನೂ ಪಿಸ್ಟನನ್ನೂ ಕೈಯಲ್ಲೇ ಹಿಡಿದು ಅಂಗಡಿಗೆ ಹೋಗಿ. ನಿಮ್ಮದು ಇಂಚಿನ ಯಂತ್ರ. 1¾ ಇಂಚು ಎಂದರೆ 44.45 ಮಿ.ಮೀ. 45 ಮಿಲಿಮೀಟರಿನ ಸೀಲ್ ಕೊಟ್ಟು ‘ನಡೆಯುತ್ತದೆ’ ಎನ್ನುವವರಿದ್ದಾರೆ. ನಡೆಯುವುದಿಲ್ಲ, ತಿಂಗಳೊಳಗೆ ಮತ್ತೆ ಸೋರುತ್ತದೆ. ರಾಡ್ ಸೀಲ್, ವೈಪರ್, ಗೈಡ್ ಪಟ್ಟಿ, ಗ್ಲ್ಯಾಂಡಿನ ಹೊರಗಿನ ಓ-ರಿಂಗ್ ಮತ್ತು ಅದರ ಪಕ್ಕದ ಬ್ಯಾಕಪ್ ರಿಂಗ್, ಪಿಸ್ಟನ್ ಸೀಲುಗಳು, ಪಿಸ್ಟನಿನ ಒಳಗಿನ ಚಿಕ್ಕ ಓ-ರಿಂಗ್, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಕೊನೆಯದನ್ನು ಮರೆಯುವವರೇ ಹೆಚ್ಚು. ಅದು ಹೋಗಿದ್ದರೆ ಎಣ್ಣೆ ರಾಡಿಗೂ ಪಿಸ್ಟನಿಗೂ ನಡುವೆ ನುಸುಳುತ್ತದೆ, ಹೊಸ ಪಿಸ್ಟನ್ ಸೀಲ್ ಹಾಕಿಯೂ ಬಲ ಬರುವುದಿಲ್ಲ. ರಾಡ್ ಮತ್ತು ಪಿಸ್ಟನ್ ಸೀಲಿಗೆ ಪಾಲಿಯುರೆಥೇನ್ ಒಳ್ಳೆಯದು.

ದಿಕ್ಕು ತಪ್ಪಿದರೆ ಇಷ್ಟೂ ಕೆಲಸ ದಂಡ. ಯು ಆಕಾರದ ಸೀಲಿನ ತೆರೆದ ಬಾಯಿ ಯಾವಾಗಲೂ ಒತ್ತಡದ ಕಡೆಗೆ. ರಾಡ್ ಸೀಲಿನ ಬಾಯಿ ಬ್ಯಾರಲಿನ ಒಳಕ್ಕೆ, ವೈಪರಿನ ತುಟಿ ಹೊರಕ್ಕೆ. ಪಿಸ್ಟನ್ ಮೇಲೆ ಎರಡು ಯು ಸೀಲ್ ಇದ್ದರೆ ಬೆನ್ನಿಗೆ ಬೆನ್ನು. ಕೂರಿಸುವ ಮೊದಲು ಹತ್ತು ನಿಮಿಷ ಬಿಸಿನೀರಿನಲ್ಲಿಟ್ಟು ಒರೆಸಿ, ಅದೇ ಹೈಡ್ರಾಲಿಕ್ ಎಣ್ಣೆ ಸವರಿ, ಬೆರಳಿನಿಂದ ಮಡಚಿ ಗಾಡಿಗೆ ಇಳಿಸಿ. ಸ್ಕ್ರೂಡ್ರೈವರಿನ ಮೊನೆ ತಾಗಿಸಬೇಡಿ. ರಾಡಿನ ಥ್ರೆಡ್ ಮೇಲೆ ಸೀಲ್ ಹಾಯಿಸುವಾಗ ನೀರಿನ ಬಾಟಲಿಯ ಪ್ಲಾಸ್ಟಿಕ್ ಕತ್ತರಿಸಿ ಕೊಳವೆಯ ಹಾಗೆ ಸುತ್ತಿ, ಅದರ ಮೇಲೆ ಜಾರಿಸಿ. ಬ್ಯಾರಲಿನ ಬಾಯಿ, ಸರ್ಕ್ಲಿಪ್ ಕೂರುವ ಗಾಡಿ, ಎಣ್ಣೆ ಬರುವ ತೂತು, ಈ ಮೂರರ ಚೂಪು ಅಂಚುಗಳನ್ನು ಎಮೆರಿಯಿಂದ ಮೊಂಡಾಗಿಸದಿದ್ದರೆ ಹೊಸ ಸೀಲ್ ಒಳಗೆ ಹೋಗುವ ಮೊದಲೇ ಕತ್ತರಿಸಿಹೋಗುತ್ತದೆ.

ಮತ್ತೆ ಜೋಡಿಸುವ ಮೊದಲು ಬೆಣೆ ಓಡಾಡುವ ಗರ್ಡರ್ ನೋಡಿ. ಬೆಣೆಯ ಕೆಳಗಿನ ಜಾರುಪಟ್ಟಿ ಸವೆದು ಆಟ ಹೆಚ್ಚಿದ್ದರೆ, ಗಂಟು ಮರ ಸಿಕ್ಕಾಗ ಬೆಣೆ ಓರೆಯಾಗಿ ರಾಡನ್ನು ಒಂದು ಬದಿಗೆ ಒತ್ತುತ್ತದೆ. ಗ್ಲ್ಯಾಂಡಿನ ಒಳಭಾಗ ಒಂದೇ ಕಡೆ ಸವೆದು ಮಿಂಚುತ್ತಿದ್ದರೆ ಆಗಿರುವುದು ಇದೇ. ಎರಡು ಮಿಲಿಮೀಟರಿಗಿಂತ ಹೆಚ್ಚು ಆಟ ಇದ್ದರೆ ಪಟ್ಟಿ ಬದಲಾಯಿಸಿ, ಗರ್ಡರಿಗೆ ಗ್ರೀಸ್ ಸವರಿ. ಇದನ್ನು ಬಿಟ್ಟು ಸೀಲ್ ಮಾತ್ರ ಹಾಕುತ್ತಾ ಇದ್ದರೆ ವರ್ಷಕ್ಕೊಂದು ಸೀಲ್ ಕಿಟ್ ಖಾತ್ರಿ.

ಹೋಸ್ ಬದಲಾಯಿಸುವುದಿದ್ದರೆ ಎರಡು ತಂತಿ ಪದರದ್ದೇ ಕೇಳಿ. ಅರ್ಧ ಇಂಚಿನ ಎರಡು ಪದರದ ಹೋಸ್ 275 ಬಾರ್ ತಾಳುತ್ತದೆ, ಒಂದು ಪದರದ್ದು 160 ಮಾತ್ರ. ನಿಮ್ಮ ಯಂತ್ರ 170ರದ್ದು. ಹೆದ್ದಾರಿ ಬದಿಯಲ್ಲಿ ಜೆಸಿಬಿ, ಹಿಟಾಚಿಗಳಿಗೆ ಹೋಸ್ ಕ್ರಿಂಪ್ ಮಾಡುವ ಅಂಗಡಿಗಳಲ್ಲಿ ಹಳೆಯ ಹೋಸ್ ತೋರಿಸಿದರೆ ಮಾಡಿಕೊಡುತ್ತಾರೆ. ಥ್ರೆಡ್ ವಿಷಯದಲ್ಲಿ ಮಾತ್ರ ಜಾಗ್ರತೆ: ಅಮೆರಿಕದ ಮಾದರಿಯ ಯಂತ್ರಗಳಲ್ಲಿ ಎನ್‌ಪಿಟಿ ಥ್ರೆಡ್, ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಬ್ರಿಟಿಷ್ ಮಾದರಿಯ ಬಿಎಸ್‌ಪಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಒಂದರಲ್ಲಿ ಇನ್ನೊಂದು ನಾಲ್ಕೈದು ಸುತ್ತು ಒಳ್ಳೆಯ ಜೋಡಿಯಂತೆ ಕೂರುತ್ತದೆ. ಆದರೆ ಹಲ್ಲಿನ ಕೋನ ಒಂದರದ್ದು 60 ಡಿಗ್ರಿ, ಇನ್ನೊಂದರದ್ದು 55. ಎಷ್ಟು ಟೇಪ್ ಸುತ್ತಿದರೂ ಸೋರುತ್ತದೆ, ಬಿಗಿದಷ್ಟೂ ವಾಲ್ವಿನ ಮೈ ಬಿರಿಯುತ್ತದೆ. ಟೇಪಿಗಿಂತ ದ್ರವ ಸೀಲಂಟ್ ಮೇಲು. ಟೇಪೇ ಹಾಕುವುದಾದರೆ ತುದಿಯ ಎರಡು ಸುತ್ತು ಬಿಟ್ಟು ಸುತ್ತಿ.

ಎಣ್ಣೆಯ ಪ್ರಶ್ನೆಗೆ ಬರೋಣ. ಈ ಯಂತ್ರಕ್ಕೆ ಐಎಸ್‌ಒ ವಿಜಿ 46 ದರ್ಜೆಯ, ಸವೆತ ತಡೆಯುವ ಹೈಡ್ರಾಲಿಕ್ ಎಣ್ಣೆ ಬೇಕು. ಸರ್ವೋ ಸಿಸ್ಟಂ 46, ಎಂಕ್ಲೋ 46 ಇಂಥವು ಪೇಟೆಯಲ್ಲಿ ಸಿಗುತ್ತವೆ. ಪಂಪ್ ಸ್ವಲ್ಪ ಸವೆದು, ಬೇಸಗೆಯಲ್ಲಿ ಇಡೀ ದಿನ ಓಡಿಸುವುದಾದರೆ 68 ಹಾಕಬಹುದು. ಟ್ರ್ಯಾಕ್ಟರಿನ ಟ್ರಾನ್ಸ್‌ಮಿಷನ್ ಮತ್ತು ಹೈಡ್ರಾಲಿಕ್ ಎರಡಕ್ಕೂ ಬಳಸುವ ಎಣ್ಣೆ ಹಾಕಿದರೆ ಯಂತ್ರ ಕೆಡುವುದಿಲ್ಲ, ಆದರೆ ಅದು ನೀರನ್ನು ಬೇರ್ಪಡಿಸದೆ ತನ್ನೊಳಗೇ ಇಟ್ಟುಕೊಳ್ಳುತ್ತದೆ. ನಿಮ್ಮಂಥ ಒದ್ದೆ ಊರಿಗೆ ನಮ್ಮ ಆಯ್ಕೆ ಅದಲ್ಲ. ತಂದಿಟ್ಟದ್ದು ಟ್ರ್ಯಾಕ್ಟರಿನ ಎಂಜಿನ್ ಆಯಿಲ್ ಆಗಿದ್ದರೆ ಎಂಜಿನಿಗೇ ಇರಲಿ. ಬ್ರೇಕ್ ಆಯಿಲ್ ಒಂದು ಲೋಟವೂ ಸೇರಬಾರದು, ನೈಟ್ರೈಲ್ ರಬ್ಬರಿನ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಎಣ್ಣೆ ತುಂಬಿದ ಮೇಲೆ ನೇರ ಎಂಜಿನ್ ಚಾಲೂ ಮಾಡಬೇಡಿ. ಪ್ಲಗ್ಗಿನ ವಯರ್ ತೆಗೆದಿಟ್ಟು ಹಗ್ಗ ಏಳೆಂಟು ಸಲ ಎಳೆಯಿರಿ, ಪಂಪಿಗೆ ಎಣ್ಣೆ ಬರಲಿ. ಆಮೇಲೆ ನಿಧಾನ ವೇಗದಲ್ಲಿ, ಕೊರಡು ಇಡದೆ, ಬೆಣೆಯನ್ನು ಐದಾರು ಸಲ ಪೂರ್ತಿ ಹೋಗಿ ಬರಲು ಬಿಡಿ. ಮೊದಲು ಕುಪ್ಪಳಿಸುತ್ತದೆ, ಗಾಳಿ ಹೋದಂತೆ ನಯವಾಗುತ್ತದೆ. ಮಟ್ಟ ನೋಡುವುದು ಬೆಣೆ ಪೂರ್ತಿ ಹಿಂದೆ ಇರುವಾಗ. ಮುಂದೆ ಇರುವಾಗ ರಾಡಿನ ಗಾತ್ರದಷ್ಟು, ಸುಮಾರು ಒಂದು ಲೀಟರ್, ಟ್ಯಾಂಕಿನಲ್ಲಿ ಕಡಿಮೆ ಕಾಣುತ್ತದೆ. ಆಗ ನೋಡಿ ಭರ್ತಿ ಮಾಡಿದರೆ ಬೆಣೆ ಹಿಂದೆ ಬಂದಾಗ ಮುಚ್ಚಳದಿಂದ ಉಕ್ಕುತ್ತದೆ. ರಿಲೀಫನ್ನು ಗೇಜ್ ನೋಡಿಕೊಂಡು ಕಾಲು ಕಾಲು ಸುತ್ತಾಗಿ 170 ಬಾರಿಗೆ ಏರಿಸಿ, ಚೆಕ್ ನಟ್ ಬಿಗಿಯಿರಿ. ಹಲಸಿನ ಗಂಟು ಒಡೆಯಲಿಲ್ಲ ಎಂದು ಇನ್ನೂ ಅರ್ಧ ಸುತ್ತು ತಿರುಗಿಸುವ ಆಸೆ ಬರುತ್ತದೆ. ಆ ಹೆಚ್ಚುವರಿ ಬಲವನ್ನು ತಾಳಬೇಕಾದದ್ದು ಹದಿನೈದು ವರ್ಷದ ಗರ್ಡರ್ ಮತ್ತು ಅದರ ವೆಲ್ಡಿಂಗ್. ಗಂಟನ್ನು ತಿರುಗಿಸಿಟ್ಟು ಅಂಚಿನಿಂದ ಸೀಳಿ.

ಪತ್ತನಾಜೆಯೊಳಗೆ, ಅಂದರೆ ಮೇ ತಿಂಗಳ ಕೊನೆಯೊಳಗೆ, ಸೌದೆ ಕೊಟ್ಟಿಗೆ ತುಂಬಿಸುವ ಅವಸರ ಇದ್ದರೂ, ಹೊಸ ಸೀಲಿನ ಮೊದಲ ಎರಡು ಗಂಟೆ ಹಗುರ ಮರ ಮಾತ್ರ ಒಡೆಯಿರಿ. ಆಮೇಲೆ ನಿಲ್ಲಿಸಿ ಎಲ್ಲ ಜೋಡಣೆಗಳನ್ನು ರಟ್ಟು ಹಿಡಿದು ನೋಡಿ, ಗ್ಲ್ಯಾಂಡ್ ಕದಲಿದೆಯೇ ಪರೀಕ್ಷಿಸಿ. ರಾಡಿನ ಮೇಲೆ ತೆಳ್ಳಗೆ ಎಣ್ಣೆಯ ಹೊಳಪಿದ್ದರೆ ಅದು ಸೋರಿಕೆ ಅಲ್ಲ, ಸೀಲಿಗೆ ಬೇಕಾದದ್ದು. ತುದಿಯಲ್ಲಿ ಹನಿ ಕಟ್ಟಿ ಬಿದ್ದರೆ ಮಾತ್ರ ಮತ್ತೆ ಬಿಚ್ಚಿ ನೋಡಬೇಕು. ಟ್ಯಾಂಕ್, ಹೋಸುಗಳಲ್ಲಿ ಉಳಿದ ನೀರೂ ಕೊಳೆಯೂ ಈ ಮೊದಲ ಓಟದಲ್ಲಿ ಫಿಲ್ಟರಿಗೆ ಬಂದು ಸೇರುವುದರಿಂದ, ಹತ್ತು ಗಂಟೆ ಓಡಿದ ಮೇಲೆ ಫಿಲ್ಟರ್ ಮತ್ತೊಮ್ಮೆ ಬದಲಾಯಿಸಿ, ಎಣ್ಣೆಯನ್ನು ಬಾಟಲಿಯಲ್ಲಿ ಹಿಡಿದು ನೋಡಿ. ಇನ್ನೂ ಬೆಳ್ಳಗೆ ಇದ್ದರೆ ಎಣ್ಣೆಯನ್ನೂ ಇನ್ನೊಮ್ಮೆ ಬದಲಾಯಿಸದೆ ಗತ್ಯಂತರವಿಲ್ಲ.